ಮಾರ್ಕೆಟ್ ರಸ್ತೆ ಬೇಡ

"ಮಾರ್ಕೆಟ್ ರಸ್ತೆ ಬೇಡ ಅಂದೆನಲ್ಲ! ಬೈಪಾಸ್ ಹಿಡ್ಕೊಂಡು ಹೋಗಿ," ಎಂದು ಮಗಳು ಶವವಾಹನದ ಬಾಗಿಲಿಗೆ ಅಡ್ಡ ನಿಂತಳು.

ಡ್ರೈವರ್ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ತಾಳ್ಮೆಯಿಂದಲೇ ಹೇಳಿದ. "ಮೇಡಂ, ಬೈಪಾಸ್ ಅಗೆದು ಹಾಕಿದಾರೆ, ಪೈಪ್ ಹಾಕೋಕೆ. ಸೈಕಲ್ಲೂ ಹೋಗಲ್ಲ ಅಲ್ಲಿ. ಸ್ಮಶಾನಕ್ಕೆ ಈಗ ಇದೊಂದೇ ದಾರಿ."

"ಹಾಗಾದ್ರೆ ಅದನ್ನ ಮುಚ್ಚೋವರೆಗೂ ಕಾಯೋಣ."

"ಅದು ಮುಚ್ಚೋ ಹೊತ್ತಿಗೆ ನಾನೂ ನಿಮ್ಮಪ್ಪಾಜಿ ಪಕ್ಕ ಮಲಗಿರ್ತೀನಿ," ಎಂದು ಬಾಯಿತಪ್ಪಿ ಅಂದವನು ನಾಲಿಗೆ ಕಚ್ಚಿಕೊಂಡ. ಗಾಡಿಯೊಳಗಿದ್ದ ಚಿಕ್ಕಪ್ಪ ಕಿಸಕ್ಕನೆ ನಕ್ಕು, ಆ ನಗುವನ್ನು ಕಷ್ಟಪಟ್ಟು ಕೆಮ್ಮಾಗಿ ತಿರುಗಿಸಿದ.

ಅಪ್ಪ ಮೂರು ಸಲ ಗೆದ್ದ ಶಾಸಕರು. ಸೋತು ಮನೆ ಸೇರಿ ಹದಿಮೂರು ವರ್ಷವಾಗಿತ್ತು. ಅವರನ್ನು ಸೋಲಿಸಿದ ಈಗಿನ ಶಾಸಕ ಬೆಳಿಗ್ಗೆಯೇ ಲಾರಿ ಚಕ್ರದಷ್ಟು ದೊಡ್ಡ ಹಾರ ತಂದು, ಅದನ್ನು ಹಾಕುವುದನ್ನು ಎರಡು ಸಲ ಫೋಟೋ ತೆಗೆಸಿಕೊಂಡು, ಹೋಗುವಾಗ ಮಗಳನ್ನು ಪಕ್ಕಕ್ಕೆ ಕರೆದಿದ್ದ. "ಯಾವುದಕ್ಕೂ ಮಾರ್ಕೆಟ್ ಕಡೆ ಹೋಗ್ಬೇಡಮ್ಮ. ಆ ಜನ ಎಂಥೋರು ಅಂತ ನಿನಗೆ ಗೊತ್ತಲ್ಲ. ಹೆಣ ಅಂತಾನೂ ನೋಡಲ್ಲ." ಆಗಿನಿಂದ ಅವಳು ಬೈಪಾಸ್ ಬೈಪಾಸ್ ಎನ್ನುತ್ತಲೇ ಇದ್ದಳು.

"ಹತ್ತು, ಮಗಳೇ," ಎಂದಳು ಅಮ್ಮ, ಅಪ್ಪನ ಪಕ್ಕದ ಬೆಂಚಿನಿಂದ. "ಬಿಸಿಲು ಏರ್ತಾ ಇದೆ. ಕಾಯೋದು ಅಂದ್ರೆ ನಿಮ್ಮಪ್ಪಂಗೆ ಆಗ್ತಾನೇ ಇರ್ಲಿಲ್ಲ."

"ಅಮ್ಮಾ, ಯಾರಾದ್ರೂ ಏನಾದ್ರೂ ಎಸೆದ್ರೆ?"

"ಎಸೆದ್ರೆ ಎಸೀಲಿ. ಗಾಜಿದೆ."

ಬೇರೆ ದಾರಿಯಿರಲಿಲ್ಲ. ಮಗಳು ಹತ್ತಿ ಬಾಗಿಲೆಳೆದುಕೊಂಡಳು.

*

ಶಾಸಕರಾಗುವ ಮೊದಲು ಅಪ್ಪ ಟೈಪಿಂಗ್ ಶಾಲೆ ನಡೆಸುತ್ತಿದ್ದರು. ಊರಿನ ಅರ್ಧಕ್ಕರ್ಧ ಗುಮಾಸ್ತರ ಬೆರಳುಗಳನ್ನು ಪಳಗಿಸಿದ್ದು ಅವರೇ. ಚುನಾವಣೆಗೆ ನಿಲ್ಲಬೇಕಾಗಿದ್ದ ಯಾರೋ ದೊಡ್ಡ ಮನುಷ್ಯ ಕಡೇ ಗಳಿಗೆಯಲ್ಲಿ ಕೈಕೊಟ್ಟನೆಂದು ಪಕ್ಷದವರು ಇವರನ್ನು ಹಿಡಿದು ನಿಲ್ಲಿಸಿದರು. ಟೈಪಿಂಗ್ ಕಲಿತ ಹುಡುಗ ಹುಡುಗಿಯರೆಲ್ಲ ಮನೆಮನೆ ತಿರುಗಿ ಗೆಲ್ಲಿಸಿಬಿಟ್ಟರು.

ಅಂದಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಅಪ್ಪ ಮುಖ ತೊಳೆದು ಬಚ್ಚಲಿನಿಂದ ಹೊರಗೆ ಬಂದರೆ ವರ್ಗಾವಣೆ ಬೇಕಾದ ಮೇಷ್ಟ್ರೊಬ್ಬರು ಟವೆಲು ಹಿಡಿದು ನಿಂತಿರುತ್ತಿದ್ದರು. ಅಮ್ಮ ಕೂತು ಉಂಡಿದ್ದನ್ನು ಯಾರೂ ನೋಡಿದ್ದಿಲ್ಲ. ಒಲೆಯ ಮೇಲೆ ಸದಾ ಟೀ, ಹಜಾರದಲ್ಲಿ ಸದಾ ಜನ. ವಿಧಾನಸಭೆಯಲ್ಲಿ ಅಪ್ಪ ಮೊದಲ ಸಲ ಎದ್ದು ನಿಂತಾಗ ಮೈಕು ಕೆಟ್ಟಿತ್ತಂತೆ. ಅದು ಸರಿಹೋಗುವಷ್ಟರಲ್ಲಿ ಹೇಳಬೇಕಾದದ್ದನ್ನು ಹೇಳಿ ಮುಗಿಸಿ ಕೂತಿದ್ದರು. ನಮ್ಮೂರ ಬಸ್ ನಿಲ್ದಾಣಕ್ಕೆ ಹೆಂಗಸರ ಶೌಚಾಲಯ ಬೇಕು, ಇಷ್ಟೇ. ಶೌಚಾಲಯ ಬಂತು. ಆಮೇಲೆ ಸೇತುವೆ ಬಂತು, ಹೆಣ್ಣುಮಕ್ಕಳ ಕಾಲೇಜು ಬಂತು. ಅಣ್ಣ ಈ ಸಲ ಮಂತ್ರಿ ಆಗೇ ಆಗ್ತಾನೆ ಎಂದು ಚಿಕ್ಕಪ್ಪ ಗೆದ್ದಾಗಲೆಲ್ಲ ಹೊಸ ಅಂಗಿ ಹೊಲಿಸಿ, ಪ್ರತಿ ಸಲವೂ ಅದನ್ನು ತೊಟ್ಟು ಮನೆಯಲ್ಲೇ ರೇಡಿಯೋ ಮುಂದೆ ಕೂತ.

ಮೂರನೇ ಅವಧಿಯಲ್ಲಿ ಮಾರ್ಕೆಟ್ಟಿನ ಹಳೇ ಚಾವಣಿಯ ತೊಲೆಯೊಂದು ಸಂಜೆ ಹೊತ್ತು ಕಳಚಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಹೋಗಿ ನೋಡಿ ಬಂದ ಅಪ್ಪ ಆ ದಿನ ಊಟ ಮಾಡಲಿಲ್ಲ. ಹಟ ಹಿಡಿದು ಇಡೀ ಮಾರ್ಕೆಟ್ಟನ್ನು ಕೆಡವಿಸಿದರು. ವರ್ಷದೊಳಗೆ ಹೊಸದು ಎಂದು ಸರ್ಕಾರ ಮಾತು ಕೊಟ್ಟಿತ್ತು. ಸರ್ಕಾರದ ಮಾತು ಸರ್ಕಾರದ ಮಾತಾಯಿತು. ಅಡಿಪಾಯದ ಗುಂಡಿಯಲ್ಲಿ ನೀರು ನಿಂತು ಕಪ್ಪೆ ಕೂಗಿದವು. ವ್ಯಾಪಾರದವರು ಫುಟ್‌ಪಾತಿನ ಬಿಸಿಲಲ್ಲಿ ಬಿದ್ದರು.

ಮುಂದಿನ ಚುನಾವಣೆಯಲ್ಲಿ ಪ್ರಚಾರದ ಜೀಪು ಆ ರಸ್ತೆಗೆ ಬಂದಾಗ ಮಗಳು ಅಪ್ಪನ ಪಕ್ಕದಲ್ಲೇ ನಿಂತಿದ್ದಳು. ಕಾಲೇಜು ಮುಗಿಸಿದ ವಯಸ್ಸು. ಜನ ಕೂಗುತ್ತಾರೆ, ಕಲ್ಲು ತೂರುತ್ತಾರೆ ಎಂದು ಎಲ್ಲರೂ ಹೆದರಿಸಿದ್ದರು. ಹಾಗೇನೂ ಆಗಲಿಲ್ಲ. ಜೀಪು ಹತ್ತಿರವಾದಂತೆ ಫುಟ್‌ಪಾತಿನುದ್ದಕ್ಕೂ ಕೂತಿದ್ದವರು ಒಬ್ಬೊಬ್ಬರಾಗಿ ಗೋಡೆ ಕಡೆಗೆ ತಿರುಗಿ ಕೂತರು. ಅಪ್ಪ ಅಷ್ಟೂ ಬೆನ್ನುಗಳಿಗೆ ಕೈ ಮುಗಿಯುತ್ತಾ ಹೋದರು. ತಿರುಗದೆ ಉಳಿದವಳು ಒಬ್ಬಳೇ, ಎಲ್ಲರೂ ಸೊಪ್ಪಿನಕ್ಕ ಎಂದು ಕರೆಯುತ್ತಿದ್ದ ಗಟ್ಟಿ ಗಂಟಲಿನ ಹೆಂಗಸು. ಅವಳು ಬಾಡಿದ ಒಂದು ಕಟ್ಟು ಸೊಪ್ಪನ್ನು ಬೀಸಿ ಎಸೆದಳು. ಅದು ಅಪ್ಪನಿಗೆ ತಾಗದೆ ಮಗಳ ಎದೆಗೆ ಬಂದು ಬಿತ್ತು.

ಅಪ್ಪ ಸೋತರು, ಸಣ್ಣಪುಟ್ಟ ಸೋಲಲ್ಲ, ಠೇವಣಿಯೂ ಹೋಯಿತು. ಎಣಿಕೆ ಮುಗಿಸಿ ಬಂದವರು ಅಂಗಿಯ ತೋಳು ಮಡಚಿ ಸೀದಾ ಅಡುಗೆಮನೆಗೆ ಹೋಗಿ, ರಾಶಿ ಬಿದ್ದಿದ್ದ ಟೀ ಲೋಟಗಳನ್ನೆಲ್ಲ ಗುನುಗುತ್ತಾ ತೊಳೆದಿಟ್ಟರು. ಮಗಳು ರೂಮಿನಲ್ಲಿ ದಿಂಬಿಗೆ ಮುಖವಿಟ್ಟು ಅತ್ತಳು. ಅಂದಿನಿಂದ ಅವಳು ಆ ರಸ್ತೆ ತುಳಿದಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮುಗಿಸಿ, ತರಕಾರಿ ಬೇಕೆಂದರೆ ಎರಡು ಬಸ್ಸು ಬದಲಿಸಿ ಊರಿನ ಆ ತುದಿಗೆ ಹೋಗಿ ತರುತ್ತಿದ್ದಳು.

*

ಗಾಡಿ ಮಾರ್ಕೆಟ್ ರಸ್ತೆಗೆ ತಿರುಗಿದ ಕೂಡಲೇ ನಿಂತುಬಿಟ್ಟಿತು.

"ಏನಾಯ್ತು?" ಮಗಳು ಕೂತಲ್ಲಿಂದ ಅರ್ಧ ಎದ್ದಳು.

"ಜನ ಇದಾರೆ ಮೇಡಂ. ದಾರಿ ಬಿಡ್ತಿಲ್ಲ."

ಅವಳು ಗಾಜಿನಾಚೆ ನೋಡಿದಳು. ಹೊಸ ಮಾರ್ಕೆಟ್ಟಿನ ಮುಂದೆ ವ್ಯಾಪಾರದವರೆಲ್ಲ ರಸ್ತೆಗೆ ಇಳಿದಿದ್ದರು. ಅವರ ನಡುವಿನಿಂದ ತಲೆ ಪೂರ್ತಿ ನೆರೆತ ಹೆಂಗಸೊಬ್ಬಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದಳು. ಸೊಪ್ಪಿನಕ್ಕ. ಮಗಳು ತನಗೇ ಗೊತ್ತಿಲ್ಲದೆ ಅಪ್ಪನ ಮುಖಕ್ಕೆ ಅಡ್ಡವಾಗಿ ಕೈ ಚಾಚಿದಳು.

ಹಿಂಬಾಗಿಲು ತೆರೆಯಿತು. "ಕೈ ತೆಗಿ ತಾಯಿ, ಮುಖ ನೋಡ್ತೀನಿ," ಎಂದಳು ಸೊಪ್ಪಿನಕ್ಕ.

"ದಯವಿಟ್ಟು ಬಿಟ್ಬಿಡಿ. ಅವರು ಹೋಗ್ಬಿಟ್ರು. ಈಗಲಾದ್ರೂ..."

"ಗೊತ್ತಾಯ್ತಲ್ಲ ಹೋಗಿದ್ದು, ಅದಕ್ಕೇ ಬಂದೆ." ಅವಳು ಹೆಣದ ಕಡೆ ಬಗ್ಗಿದಳು. "ಏನಯ್ಯಾ, ಭಾನುವಾರ ಬರ್ತೀನಿ ಅಂದೋನು ಶುಕ್ರವಾರವೇ ಹೊರಟುಬಿಟ್ಯಾ? ನಿನ್ನ ಮಾತು ಯಾವತ್ತು ಹೊತ್ತಿಗೆ ಸರಿಯಾಗಿ ನಡೆದಿದೆ ಹೇಳು!"

ಹೊರಗೆ ಯಾರೋ ನಕ್ಕರು, ಅಳುವಿನ ನಡುವೆ. ಮಗಳು ಚಾಚಿದ ಕೈ ಚಾಚಿದಂತೆಯೇ ಇತ್ತು.

"ಇವರು ಇಲ್ಲಿಗೆ ಬರ್ತಿದ್ರಾ?"

"ಬರ್ತಿದ್ನಾ ಅಂತೀಯಲ್ಲ! ಸೋತು ತಿಂಗಳಾಗಿರಲಿಲ್ಲ, ಬಂದು ನನ್ನೆದುರು ನಿಂತ. ಯಾಕಪ್ಪಾ ಬಂದೆ, ವೋಟಿಲ್ಲ ಇಲ್ಲಿ ಅಂದೆ. ವೋಟು ಬೇಡಮ್ಮ, ಸೊಪ್ಪು ಕೊಡು ಅಂದ. ಹೊಟ್ಟೆ ಉರೀತಿತ್ತಲ್ಲ, ಇದ್ದಿದ್ರಲ್ಲೇ ಬಾಡಿದ್ದು ಆರಿಸಿ ಕೊಟ್ಟೆ. ಮಾತಾಡದೆ ತಗೊಂಡು ಹೋದ. ಮಾರನೇ ದಿನ ಮತ್ತೆ ಹಾಜರು. ಬೈದೆ. ಅದರ ಮಾರನೇ ದಿನವೂ ಬೈದೆ. ಎಷ್ಟು ದಿನ ಅಂತ ಬೈತೀಯ, ಬಾಯಿ ಒಣಗಲ್ವಾ? ಕೊನೆಗೆ ನಾನೇ ಕೂತ್ಕೋ ಅಂದೆ."

"ವಾಕಿಂಗ್ ಅಂತ ಹೇಳಿ ಹೋಗ್ತಿದ್ರು," ಎಂದಳು ಮಗಳು, ಯಾರಿಗೆಂದಿಲ್ಲದೆ.

"ಹೂಂ, ವಾಕಿಂಗೇ. ನಮ್ಮನ್ನೂ ನಡೆಸಿದ. ಯಾವ ಆಫೀಸು, ಯಾವ ರೂಮು, ಯಾವ ಸಾಹೇಬ ಊಟ ಆದ್ಮೇಲೆ ಮೆತ್ತಗಾಗ್ತಾನೆ, ಎಲ್ಲ ಗೊತ್ತಿತ್ತಲ್ಲ ಅವನಿಗೆ. ಶಾಸಕನಾಗಿದ್ದಾಗ ಎದ್ದು ನಿಲ್ತಿದ್ದೋರು ಈಗ ಬೆಂಚ್ ತೋರಿಸೋರು. ನಮ್ಮ ಜೊತೆ ಅದೇ ಬೆಂಚಲ್ಲಿ ಕೂತು ಕಾದ. ಈ ಕಟ್ಟಡ ಹಾಗೇ ಎದ್ದಿದ್ದು." ಅವಳು ತಲೆಯೆತ್ತಿದಳು. "ಆದ್ರೆ ಒಂದ್ಮಾತು, ಕೆಡವಿದ್ದು ತಪ್ಪೇ. ಈಗ್ಲೂ ಅಂತೀನಿ. ಕಟ್ಟಿಕೊಟ್ಟು ಕೆಡವಬೇಕಿತ್ತು. ಅವನೂ ಒಪ್ಕೊಂಡ."

"ಪೂರ್ತಿ ಒಪ್ಪಿರಲಿಲ್ಲ," ಎಂದ ಚಿಕ್ಕಪ್ಪ ಸಣ್ಣಗೆ.

ಮಗಳು ಗಿರಕ್ಕನೆ ತಿರುಗಿದಳು. "ಚಿಕ್ಕಪ್ಪಾ, ನಿಮಗೂ ಗೊತ್ತಿತ್ತಾ?"

"ಟೀಗೆ ಕರ್ಕೊಂಡು ಬರ್ತಿದ್ದ ಕಣಮ್ಮ. ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ."

"ಇವಳನ್ನ ಕೇಳಿ," ಎಂದು ಸೊಪ್ಪಿನಕ್ಕನ ಹಿಂದಿದ್ದ ಆಲೂಗಡ್ಡೆಯವನು ಬಾಯಿ ಹಾಕಿದ. "ವಾರ್ಡ್ ಎಲೆಕ್ಷನ್ನಿಗೆ ನಿಲ್ಲು ನಿಲ್ಲು ಅಂತ ತಲೆ ತಿಂದು ನಿಲ್ಲಿಸಿದ್ದೂ ಅವರೇ. ಈಗ ನಮಗೆ ಕೌನ್ಸಿಲರಮ್ಮ."

"ಅದೊಂದು ಕೆಡುಕು ಮಾಡಿಟ್ಟು ಹೋದ," ಎಂದಳು ಸೊಪ್ಪಿನಕ್ಕ. "ನಿನ್ನ ಗತಿ ನೋಡಿದ ಮೇಲೂ ನಿಲ್ಲಬೇಕೇನಯ್ಯಾ ಅಂದೆ. ಬೈಯೋಕೆ ಬರೋರೇ ಅಲ್ಲಿರಬೇಕು ಅಂದ. ಈಗ ನೋಡು, ಮಲಗಿದ್ರೂ ಬಾಗಿಲು ಬಡೀತಾರೆ ಜನ."

ಮಗಳು ಅಮ್ಮನ ಕಡೆ ನೋಡಿದಳು. ಅಮ್ಮ ಅಪ್ಪನ ಹಾರ ಸರಿಮಾಡುತ್ತಿದ್ದಳು.

"ನಿನಗೂ?"

"ಇಷ್ಟು ವರ್ಷ ಮನೇಲಿ ಬೇಯಿಸಿದ ಸೊಪ್ಪು ಎಲ್ಲಿಂದ ಬಂತು ಅಂದ್ಕೊಂಡಿದ್ದೆ? ನೀನು ತಂದಿದ್ದೆಲ್ಲ ಬದನೆಕಾಯಿ."

"ಮತ್ತೆ ನನಗ್ಯಾಕೆ ಯಾರೂ ಹೇಳ್ಲಿಲ್ಲ? ನಾನು ಎರಡೆರಡು ಬಸ್ಸು ಹಿಡ್ಕೊಂಡು..."

ಅಮ್ಮ ಹಾರದಿಂದ ಕೈ ತೆಗೆದಳು. "ನಾನು ಹೇಳ್ತೀನಿ ಅಂದೆ. ಅವರೇ ಬೇಡ ಅಂದ್ರು. ಊರಲ್ಲಿ ನನ್ನ ಪರ ಗಟ್ಟಿಯಾಗಿ ಉಳಿದಿರೋ ವೋಟು ಮಗಳ ಕೋಪ ಒಂದೇ, ಇರ್ಲಿ ಬಿಡು ಅಂದ್ರು."

ಮಗಳು ನಕ್ಕುಬಿಟ್ಟಳು. ಅಪ್ಪನ ಹೆಣದ ಪಕ್ಕದಲ್ಲಿ, ಅಷ್ಟು ಜನರ ಎದುರು, ತಡೆಯಲಾರದೆ ನಕ್ಕಳು. ನಗುತ್ತಲೇ ಕಣ್ಣಿಂದ ನೀರು ಇಳಿಯಿತು. ಇಷ್ಟು ವರ್ಷ ಹಲ್ಲು ಕಚ್ಚಿ ಹೊತ್ತಿದ್ದ ಮೂಟೆಯನ್ನು ಯಾರೋ ಹಿಂದಿನಿಂದ ಬಂದು ಎತ್ತಿಕೊಂಡಂತಾಯಿತು. ಅದರೊಳಗೆ ಏನೂ ಇರಲೇ ಇಲ್ಲವಂತೆ! ಸಿಟ್ಟು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಭುಜಗಳು ಅಷ್ಟು ಹಗುರವಾಗಿದ್ದವು.

"ಅವತ್ತು ನೀವು ಎಸೆದ ಸೊಪ್ಪು ನನಗೆ ಬಿತ್ತು," ಎಂದಳು ಸೊಪ್ಪಿನಕ್ಕನಿಗೆ.

"ಅಯ್ಯೋ, ನಿನಗಾ ಬಿದ್ದಿದ್ದು? ನಿಮ್ಮಪ್ಪಂಗೇ ಗುರಿ ಇಟ್ಟಿದ್ದೆ ಕಣವ್ವ," ಎಂದು ಅವಳು ನಿಜವಾಗಿಯೂ ನೊಂದುಕೊಂಡಳು.

ಜನ ದಾರಿ ಬಿಟ್ಟರು. ಗಾಡಿ ನಿಧಾನಕ್ಕೆ ಮುಂದೆ ಸಾಗಿತು. ಯಾರೂ ಜೈಕಾರ ಹಾಕಲಿಲ್ಲ. ಅಂಗಡಿ ಮುಂದೆ ನಿಂತವರು ಗಾಡಿ ದಾಟಿ ಹೋಗುವವರೆಗೆ ಅದರ ಕಡೆಗೇ ಮುಖ ಮಾಡಿ ನಿಂತಿದ್ದರು. ಬಹಳಷ್ಟು ಮಂದಿ ಹಿಂದೆಯೇ ನಡೆದು ಬಂದರು.

*

ಸ್ಮಶಾನದಲ್ಲಿ ಪಕ್ಷದ ಜಿಲ್ಲಾ ಅಧ್ಯಕ್ಷರು ಬಂದು ಮಗಳ ಕೈ ಹಿಡಿದರು. "ಮುಂದಿನ ಸಲ ನೀನು ನಿಲ್ಲಬೇಕಮ್ಮ. ಅಪ್ಪನ ಹೆಸರು ಉಳಿಸಬೇಕು. ಮಾರ್ಕೆಟ್ ಜನವೇ ಹಿಂದೆ ಬಂದಿದ್ದಾರೆ, ನೋಡಿದೆವು."

ಬೆಳಿಗ್ಗೆಯಾಗಿದ್ದರೆ ಅವಳು ಹೂಂ ಅಂದುಬಿಡುತ್ತಿದ್ದಳೇನೋ, ಆ ಬೆನ್ನುಗಳ ಮೇಲಿನ ಹಟಕ್ಕಾದರೂ.

"ನನಗೆ ರಕ್ತ ಪರೀಕ್ಷೆ ಮಾಡೋದು ಚೆನ್ನಾಗಿ ಬರುತ್ತೆ ಸಾರ್," ಎಂದಳು. "ಅದನ್ನೇ ಮಾಡ್ಕೊಂಡಿರ್ತೀನಿ. ನಿಲ್ಲೋರು ಬೇಕಿದ್ರೆ, ಅಲ್ಲಿದ್ದಾರೆ ನೋಡಿ." ಸೊಪ್ಪಿನಕ್ಕ ಗೇಟಿನ ಬಳಿ ಈಗಿನ ಶಾಸಕನನ್ನು ಬೈಪಾಸಿನ ಗುಂಡಿಯ ವಿಷಯಕ್ಕೆ ತರಾಟೆಗೆ ತೆಗೆದುಕೊಂಡಿದ್ದಳು. ಅಧ್ಯಕ್ಷರು ಮೆಲ್ಲಗೆ ಇನ್ನೊಂದು ಕಡೆ ಸರಿದರು.

ಎಲ್ಲ ಮುಗಿಸಿ ವಾಪಸು ಬರುವಾಗ ಮಾರ್ಕೆಟ್ ಹತ್ತಿರ ಅಮ್ಮ, "ಇಲ್ಲೇ ನಿಲ್ಲಿಸಪ್ಪ," ಎಂದಳು. "ಮನೇಲಿ ಜನ ತುಂಬಿರ್ತಾರೆ. ಒಂದು ಗಳಿಗೆ ಕೂತು ಹೋಗೋಣ."

ಆಲೂಗಡ್ಡೆಯವನು ಖಾಲಿ ಕ್ರೇಟೊಂದನ್ನು ಮಗುಚಿ, ಮೇಲೆ ಗೋಣಿ ಮಡಚಿ ಹಾಕಿ ಕೊಟ್ಟ. ಅಮ್ಮ ಮೂಟೆಗಳಿಗೆ ಬೆನ್ನು ಕೊಟ್ಟು ಕೂತಳು. ಯಾರೋ ತಂದ ಟೀಯನ್ನು, ಇನ್ನೊಬ್ಬರಿಗೆ ಮಾಡಿಕೊಡುವ ಅವಸರವಿಲ್ಲದೆ, ಗುಟುಕು ಗುಟುಕಾಗಿ ಕುಡಿದಳು. ಮಗಳು ಸಾಲಿನುದ್ದಕ್ಕೂ ನಡೆದು ಬಂದಳು. ಟೊಮೇಟೊ ಒತ್ತಿ ನೋಡಿದ್ದಕ್ಕೆ ಅಂಗಡಿಯವಳೊಬ್ಬಳು, "ತಗೊಳ್ಳೋದಾದ್ರೆ ಮುಟ್ಟಿ, ಇಲ್ಲಾಂದ್ರೆ ಬಿಡಿ," ಎಂದು ಗದರಿದಳು. ಅವಳು ತಗೊಂಡಳು.

ತಿರುಗಿ ಬರುವಷ್ಟರಲ್ಲಿ ಅಮ್ಮನಿಗೆ ನಿದ್ದೆ ಹತ್ತಿತ್ತು. ತಲೆ ಆಲೂಗಡ್ಡೆ ಮೂಟೆಗೆ ವಾಲಿತ್ತು, ಬಾಯಿ ಅರೆ ತೆರೆದಿತ್ತು, ಒಂದು ಚಪ್ಪಲಿ ಕಾಲಿನಿಂದ ಜಾರಿ ದೂರ ಬಿದ್ದಿತ್ತು. ಸುತ್ತ ಸಂಜೆಯ ವ್ಯಾಪಾರ ಏರುತ್ತಿತ್ತು. ಗಿರಾಕಿಗಳು ಬೆರಳು ಮಾಡಿ ತೋರಿಸಿ ಕೇಳುತ್ತಿದ್ದರು. ಅಂಗಡಿಯವರು ತಕ್ಕಡಿ ಸದ್ದಾಗದಂತೆ ಹಿಡಿದು, ಅವರ ಕಿವಿಯ ಹತ್ತಿರ ಬಾಗಿ ಬೆಲೆ ಹೇಳುತ್ತಿದ್ದರು.