ಜಠರದ ಪಕ್ಕದ ಚುಕ್ಕೆ

ಶಾಲೆಯ ಆಡಳಿತವನ್ನೂ ವಿಜ್ಞಾನದ ಮರ್ಯಾದೆಯನ್ನೂ ಒಟ್ಟಿಗೆ ಅಲ್ಲಾಡಿಸಿದ ಗಂಭೀರ ಸಂಗತಿಯೊಂದನ್ನು ಇಲ್ಲಿ ದಾಖಲಿಸಲೇಬೇಕು. ೧೯೭೨ರ ವಾರ್ಷಿಕ ಪರೀಕ್ಷೆಯಲ್ಲಿ ಮುಂಬಯಿಯ ಸಯನ್ನಿನ ಕನ್ನಡ ಶಾಲೆಯೊಂದರ ಏಳನೇ ಇಯತ್ತೆಯ ಮಕ್ಕಳೆಲ್ಲ ಜೀರ್ಣಾಂಗಗಳ ಚಿತ್ರ ಬರೆದು, ಜಠರದ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟಿದ್ದರು.

ಚುಕ್ಕೆಯನ್ನು ಮೊದಲು ಕಂಡವರು ಹೆಡ್ ಮಾಸ್ತರ ರಾಮಪ್ಪನವರು. ವಿಜ್ಞಾನ ಕಲಿಸುವ ಮೋಹಿನಿ ಟೀಚರಿಗೆ ಅದು ಕಂಡಿರಲಿಲ್ಲ. ಲೋಕಲ್ ಟ್ರೈನ್‌ನಲ್ಲಿ ಸೀಟು ಸಿಕ್ಕಾಗಲೆಲ್ಲ ಉತ್ತರಪತ್ರಿಕೆಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅವಳು ತಿದ್ದಿದ್ದಳು. ಅನ್ನನಾಳ ಇದೆ, ಸರಿ. ಕರುಳು ಸುತ್ತಿದೆ, ಸರಿ. ಇರಬೇಕಾದದ್ದನ್ನು ಹುಡುಕುತ್ತ ಹೋದ ಕೆಂಪು ಪೆನ್ನಿಗೆ ಇರಬಾರದ್ದು ಅಡ್ಡ ಬಂದಿರಲಿಲ್ಲ.

"ಏನ್ರಿ ಬಾಯಾರ, ಇದು ಯಾವ ಅಂಗ?"

"ಎಂತದು ಸರ್... ಶಾಯಿ ಬಿದ್ದದ್ದಿರಬೇಕು."

"ಎಲ್ಲಾರ ಹೊಟ್ಟಿಯೊಳಗೂ ಒಂದ ಜಾಗಾದಾಗ ಬೀಳ್ತದೇನ್ರಿ ಶಾಯಿ? ಒಬ್ಬಾಂವ ತಪ್ಪು ಬರದಾನ, ಉಳದಾವ್ರು ಕಾಪಿ ಹೊಡದಾರ. ಪರೀಕ್ಷಾದಾಗ ನೀವು ಕಿಡಕ್ಯಾಗ ಟ್ರೇನ್ ನೋಡಕೋತ ನಿಂತೀರಿ!"

ಮೋಹಿನಿಯ ತಾತ್ಕಾಲಿಕ ನೌಕರಿಯನ್ನು ಕಾಯಂ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸಲು ಶಾಲೆಯ ಮಂಡಳಿ ಸೇರುವುದು ಆ ಶನಿವಾರವೇ. ಕಾಪಿ ಎಂಬ ಒಂದು ಮಾತು ಮಂಡಳಿಯ ಕಿವಿಗೆ ಬಿದ್ದರೆ ಸಾಕು, ಅವಳು ಊರಿಗೆ ಮರಳಿ ಉಡುಪಿಯ ಬಸ್ಸು ಹತ್ತಬೇಕಾಗುತ್ತಿತ್ತು.

ಅಲ್ಲೇ ನಿಂತು ಕಟ್ಟನ್ನು ಮತ್ತೆ ತಿರುವಿದಳು. ಹಾಲವ್ವನ ಪತ್ರಿಕೆಯಲ್ಲಿ ಕೈ ನಿಂತಿತು. ಹಾಲವ್ವ ಧಾರಾವಿಯ ಗಾರೆ ಕೆಲಸದ ಹಣಮಂತನ ಮಗಳು. ಅವಳ ಚುಕ್ಕೆಗೆ ಬಾಣದ ಗುರುತಿತ್ತು, ಬಾಣದ ತುದಿಗೆ ಹೆಸರಿತ್ತು: ಮೊಳಿ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಅಸಂಬದ್ಧ' ಎಂಬ ಷರಾ, ಅರ್ಧ ಅಂಕ ಕಡಿತ. ಅಕ್ಷರ ಮೋಹಿನಿಯದ್ದೇ. ಕುರ್ಲಾ ಸ್ಟೇಷನ್ ದಾಟುವಾಗ ಹೆಸರನ್ನಷ್ಟೇ ಓದಿ ನಕ್ಕದ್ದು ಅವಳಿಗೆ ನೆನಪಾಯಿತು.

ಹಾಲವ್ವನನ್ನು ಕರೆಸಿದರು.

"ಎಂತ ಮಾರಾಯ್ತಿ, ಹೊಟ್ಟೆಯಲ್ಲಿ ಮೊಳೆಯಾ?"

"ಹೊಟ್ಟ್ಯಾಗಲ್ರಿ ಟೀಚರ್, ಕರೀ ಫಳ್ಯಾದಾಗ. ಜಠರದ ಬಾಜೂಕ ಇರ್ತದಲ್ರಿ? ನೀವ ಹೇಳಿದ್ರಿ, ಕಂಡದ್ದೆಲ್ಲಾ ತಗೀರಿ, ತಗದದ್ದಕ್ಕೆಲ್ಲಾ ಹೆಸರು ಬರೀರಿ ಅಂತ. ಉಳದಾವ್ರು ತಗದ್ರು, ಹೆಸರ ಬರೀಲಿಲ್ಲ. ಅವರಿಗೆಲ್ಲಾ ಫುಲ್ ಮಾರ್ಕ್ಸ್, ನನಗಷ್ಟ ಯಾಕ್ರಿ ಕಟ್?"

ಹೆಡ್ ಮಾಸ್ತರರು ಎದ್ದು ತರಗತಿಗೆ ನಡೆದರು, ಇಬ್ಬರೂ ಹಿಂದೆ ಹೋದರು. ಕರಿಹಲಗೆಯ ನಡುವೆ ಒಂದು ವಸ್ತ್ರ ನೇತಾಡುತ್ತಿತ್ತು, ಮೋಹಿನಿ ಹಲಗೆ ಒರೆಸುವ ವಸ್ತ್ರ. ರಾಮಪ್ಪನವರು ಅದನ್ನು ಬೆತ್ತದಿಂದ ಎತ್ತಿದರು. ಅಡಿಯಲ್ಲಿ ಮೊಳೆ.

ಮಧ್ಯಾಹ್ನ ಅದೇ ಕೋಣೆಯಲ್ಲಿ ಮರಾಠಿ ಶಾಲೆ ನಡೆಯುತ್ತಿತ್ತು. ನಕಾಶೆ ತೂಗುಹಾಕಲು ಅವರು ಹೊಡೆದ ಮೊಳೆ ಅದು. ಅವರ ಮೊಳೆಯನ್ನು ಇವರು ಕೀಳುವಂತಿಲ್ಲ, ಇವರು ಬರೆದದ್ದನ್ನು ಅವರು ಉಳಿಸುವಂತಿಲ್ಲ. ಎರಡು ಪಾಳಿಗಳ ನಡುವಿನ ಸ್ನೇಹ ನಡೆದುಬಂದದ್ದು ಹೀಗೆ. ಮೋಹಿನಿ ದಿನವೂ ವಸ್ತ್ರವನ್ನು ಮೊಳೆಯಿಂದ ತೆಗೆದು, ಹಲಗೆ ಒರೆಸಿ, ಮೊಳೆಯನ್ನು ತಪ್ಪಿಸಿ ಚಿತ್ರ ಬರೆದು, ಕೊನೆಗೆ ವಸ್ತ್ರವನ್ನು ಅಲ್ಲಿಗೇ ಸಿಕ್ಕಿಸುತ್ತಿದ್ದಳು. ಮೊಳೆ ಅವಳ ಕೈಗೆ ಗೊತ್ತಿತ್ತು. ಕಣ್ಣಿಗೆ ಗೊತ್ತಿರಲಿಲ್ಲ. ಮಕ್ಕಳು ಮಾತ್ರ ನಿಷ್ಠೆಯಿಂದ ಅದನ್ನೂ ಇಳಿಸಿಕೊಂಡು ಬಾಯಿಪಾಠ ಮಾಡಿದ್ದರು.

"ಕಾಪಿ ಅಲ್ಲ ಬಿಡ್ರಿ," ಎಂದರು ರಾಮಪ್ಪನವರು. ನಗು ಬಂದದ್ದನ್ನು ಕೆಮ್ಮಿ ಮುಚ್ಚಿಕೊಂಡರು. "ಆದ್ರ ಮೊಳಿ ನುಂಗಿದಾವ್ರಿಗೆ ಫುಲ್ ಮಾರ್ಕ್ಸ್ ಕೊಟ್ಟೀರಲ್ಲ, ಮಂಡಳಿಯವ್ರು ಕೇಳಿದ್ರ ಏನ ಹೇಳ್ಲಿ? ಕಣ್ತಪ್ಪು ಅನ್ಲೇನು?"

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಮೋಹಿನಿ ಹಾಲವ್ವನ ಕಡೆ ನೋಡಿದಳು. ಹುಡುಗಿ ಇನ್ನೂ ತನ್ನ ಅರ್ಧ ಅಂಕಕ್ಕಾಗಿ ಕಾಯುತ್ತಿತ್ತು.

"ಬೇಡ ಸರ್. ಟ್ರೈನಿನಲ್ಲಿ ನೋಡದೆ ತಿದ್ದಿದೆ. ಹಾಗೆಯೇ ಹೇಳಿ. ಇನ್ನೊಮ್ಮೆ ಇಲ್ಲೇ ಕೂತು ತಿದ್ದುತ್ತೇನೆ."

ಈ ಸಲ ಸ್ಟಾಫ್ ರೂಮಿನ ಮೇಜಿನ ಮೇಲೆ ತಿದ್ದಿದಳು. ಹೆಸರಿಲ್ಲದ ಚುಕ್ಕೆಗಳಿಗೆಲ್ಲ ಅರ್ಧ ಅಂಕ ಕಡಿತವಾಯಿತು. ಹಾಲವ್ವನ ಅರ್ಧ ಅಂಕ ವಾಪಸ್ ಬಂತು.

ಶನಿವಾರ ಮಂಡಳಿ ಸೇರಿತು. ಕಾಪಿಯ ಮಾತು ಬರಲಿಲ್ಲ, ಟ್ರೈನಿನ ಮಾತು ಬಂತು. ಮೋಹಿನಿಯ ತಾತ್ಕಾಲಿಕ ನೌಕರಿಯನ್ನು ಇನ್ನೊಂದು ವರ್ಷ ತಾತ್ಕಾಲಿಕವಾಗಿಯೇ ಮುಂದುವರಿಸಲಾಯಿತು.