ಎಡತೋಳಿನ ಕಚ್ಚಾ ಹೊಲಿಗೆ

ಆ ದಾರ ಬಿಚ್ಚಬಾರದಿತ್ತೋ ಏನೋ. ಬಿಚ್ಚಿದ್ದಕ್ಕೂ ಆದದ್ದಕ್ಕೂ ಸಂಬಂಧವೇ ಇಲ್ಲವೋ? ವಯಸ್ಸು ಎಪ್ಪತ್ತೆಂಟು, ಶ್ವಾಸಕೋಶದಲ್ಲಿ ನೀರು. ಡಾಕ್ಟರು ಮೊದಲೇ ಹೇಳಿದ್ದರು. ಆದರೂ ತೀರಿಕೊಂಡ ಅಪ್ಪನ ಬಲಗೈಯನ್ನು ಕಂದು ಕೋಟಿನೊಳಗೆ ತೂರಿಸಿದ ಮಗನಿಗೆ ಎಡಗಡೆಗೆ ಹೋಗಲು ಧೈರ್ಯ ಬರಲಿಲ್ಲ.

"ನಾನು ಹಿಡ್ಕೋತೀನಿ, ನೀನು ಎಳಿ," ಎಂದ ಇಸ್ತ್ರಿಯವನು. ಅಪ್ಪನ ಟೈಲರ್ ಅಂಗಡಿಯ ಪಕ್ಕದಲ್ಲೇ ನಲವತ್ತು ವರ್ಷ ಇದ್ದವನು. "ಇವನ ಮೈಮೇಲೆ ಪೂರ್ತಿ ಹೊಲಿದ ಬಟ್ಟೆ ಒಂದಾದ್ರೂ ಯಾರಾದ್ರೂ ನೋಡಿದ್ರೆ ಹೇಳ್ಲಿ, ಇಸ್ತ್ರಿಪೆಟ್ಟಿಗೆ ಕೆಳಗಿಟ್ಟುಬಿಡ್ತೀನಿ."

ಅಪ್ಪನ ತಂಗಿ ಅಳುತ್ತಲೇ ನಕ್ಕಳು. "ಮದುವೆ ಅಂಗೀನೂ ಹಾಗೇ. ಟೈಲರ್ ಅಂದಿದ್ರಲ್ಲ, ಇವನೇನಾ ಅಂತ ಹುಡುಗಿ ಕಡೆಯವ್ರು ಕೇಳಿದ್ರು."

* * *

ಗಿರಾಕಿಗಳ ಬಟ್ಟೆಯಲ್ಲಿ ಅಪ್ಪ ಒಂದು ಹೊಲಿಗೆಯನ್ನೂ ಬಾಕಿ ಉಳಿಸಿದವನಲ್ಲ. ತನ್ನದನ್ನು ಮಾತ್ರ ಮುಗಿಸುತ್ತಿರಲಿಲ್ಲ. ಅಜ್ಜ ಹತ್ತು ವರ್ಷ ಕಟ್ಟಿದ ಮನೆಗೆ ಕೊನೆಯ ಬಾಗಿಲು ಕೂರಿಸಿ, "ಉಸ್ಸಪ್ಪಾ, ಮುಗೀತು" ಎಂದು ಹೊಸಿಲ ಮೇಲೆ ಕೂತವರು ಏಳಲಿಲ್ಲ. ಅಪ್ಪನಿಗೆ ಆಗ ಒಂಬತ್ತು ವರ್ಷ. ಕೆಲಸ ಮುಗಿದವರನ್ನು ಕರೆದೊಯ್ಯುತ್ತಾರೆಂದು ಅಂದೇ ಅವನ ಮನಸ್ಸಿಗೆ ಕೂತುಬಿಟ್ಟಿತು. ಯಾರು ಕರೆದೊಯ್ಯುತ್ತಾರೆಂದು ಮಗ ಒಮ್ಮೆ ಕೇಳಿದಾಗ, "ಹೋಗೋ, ಓದ್ಕೋ ಹೋಗು" ಎಂದು ಗದರಿದ್ದ.

ಮೊದಮೊದಲು ನಗುತ್ತಿದ್ದ ಅಮ್ಮ ಕ್ರಮೇಣ ತನ್ನ ಕಸೂತಿಯಲ್ಲೂ ಒಂದು ಎಲೆ ಬಿಡತೊಡಗಿದಳು. ಅಡುಗೆಮನೆಯ ಒಂದು ಮೂಲೆಗೆ ಬಣ್ಣ ಬೀಳಲಿಲ್ಲ. ಮಗ ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆ ಬಿಟ್ಟು ಬಂದು ಒದೆ ತಿಂದ.

ನಿನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಅಪ್ಪನಿಗೆ ಚಳಿಯಾಯಿತು. ಕೋಟು ಅಂಗಡಿಯ ಮೊಳೆಯಲ್ಲಿತ್ತು. ಎಡತೋಳಿನ ಅಂಚಿಗೆ ಹನ್ನೊಂದು ವರ್ಷದ ಹಿಂದೆ ಹಾಕಿದ ಬಿಳಿ ದಾರದ ಕಚ್ಚಾ ಹೊಲಿಗೆ ಹಾಗೇ ಇತ್ತು. ನರ್ಸುಗಳ ಮುಂದೆ ಇದೇನು ನಗೆಪಾಟಲು ಎನ್ನಿಸಿ, ಮಗ ಅಂಗಡಿಯಲ್ಲೇ ಕೂತು ದಾರ ಬಿಚ್ಚಿ, ಹೆಮ್ಮಿಂಗ್ ಮಾಡಿ ತಂದ.

ಅಪ್ಪ ಉಗುರಿನಿಂದ ಹೊಲಿಗೆ ಎಳೆದು ನೋಡಿದ. "ಕೈ ಪಳಗಿದೆ ಕಣೋ ನಿಂದು," ಎಂದ.

ಸಂಜೆಗೆ ಹೋಗಿಬಿಟ್ಟ.

* * *

ಎಡತೋಳು ಹಾಕುತ್ತಿದ್ದಂತೆ ಇಸ್ತ್ರಿಯವನ ಕೈ ನಿಂತಿತು. "ಅತ್ಗೇ, ಇಲ್ಲಿ ಬನ್ನಿ."

ಅಮ್ಮ ಬಂದು ಅಂಚನ್ನು ಹೆಬ್ಬೆರಳಿನಿಂದ ಸವರಿದಳು. "ಇದನ್ನ ಯಾರು ಹೊಲಿದ್ರು?"

"ಇನ್ಯಾರು? ಅವನೇ," ಎಂದ ಇಸ್ತ್ರಿಯವನು. "ಇಷ್ಟು ಸಣ್ಣ ಹೊಲಿಗೆ ನಿಮ್ಮ ಮಗನ ಕೈಲಿ ಎಲ್ಲಿ ಆಗತ್ತೆ?"

ಅಮ್ಮ ಮಗನತ್ತ ತಿರುಗಿದಳು. "ಹೌದೇನೋ? ಆಸ್ಪತ್ರೆಗೆ ಹೋಗೋಕೆ ಮುಂಚೇನೇ ಮುಗಿಸಿದ್ರಾ?"

ಹೇಳಿಬಿಡಬೇಕೆಂದು ಅವನು ಬಾಯಿ ತೆರೆದ. ನಿನ್ನೆಯಿಂದ ಗೋಡೆ ಹಿಡಿದು ನಡೆಯುತ್ತಿದ್ದ ಅಮ್ಮ ಈಗ ಯಾವ ಆಸರೆಯೂ ಇಲ್ಲದೆ ನಿಂತಿದ್ದಳು.

"ಹೂಂ," ಎಂದ.

"ಹಾಗಾದ್ರೆ ಭಯ ಬಿಟ್ಟಿತ್ತು," ಎಂದಳು ಅಮ್ಮ, ತನಗೇ ಎಂಬಂತೆ.

ಗಾಡಿ ಬರುವವರೆಗೂ ಬಂದವರಿಗೆಲ್ಲ ಆ ತೋಳು ತೋರಿಸಿದಳು. "ನೋಡಿ, ಅವರೇ ಮುಗಿಸಿಟ್ಟು ಹೋದ್ರು. ಒಂಚೂರೂ ಹೆದರ್ಲಿಲ್ಲ." ಮಗ ಪಕ್ಕದಲ್ಲಿ ನಿಂತು ತಲೆಯಾಡಿಸಿದ.

ಹೊಲಿದದ್ದು ತಾನೆಂದೂ, ಉಸಿರು ನಿಲ್ಲುವವರೆಗೂ ತನ್ನ ಮಣಿಕಟ್ಟನ್ನು ಅಪ್ಪ ಬಿಗಿಹಿಡಿದು ಬಿಡಲೇ ಇಲ್ಲವೆಂದೂ ಅವನು ಅಮ್ಮನಿಗೆ ಯಾವತ್ತೂ ಹೇಳಲಿಲ್ಲ.