ಪರ ಊರಿನ ಮುಖ

"ಕಾಗದದಾಗ ಬರದಿಲ್ಲ ಅಂದ್ರ ಆಗೇ ಇಲ್ಲ ಅಂತೇನ್ರಿ? ನನ್ನ ಮಾರಿ ನೋಡಿ ಹೇಳ್ರಿ!"

ಸರಕಾರಿ ವಕೀಲ ಬಸಂತರಾಯ ಮೇಜಿಗೆ ಅಂಗೈ ಬಡಿದ. ಕಪ್ಪು ಕುಣಿದು ಅರ್ಧ ಚಹಾ ಬಸಿಗೆ ಬಿತ್ತು. ಎದುರಿಗೆ ಕುಳಿತ ಪೊಲೀಸ್ ಫೌಜದಾರ ಅರುಣಕುಮಾರ ಅಲುಗಲಿಲ್ಲ. ಟೊಪ್ಪಿಗೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಅದರ ಮೇಲಿನ ಧೂಳು ಒರೆಸುತ್ತ ಹೇಳಿದ.

"ಸಾಹೇಬ್ರ, ಸುತ್ತೋಲಿ ಏನ ಹೇಳತೈತಿ? ಆರೋಪಿಗೆ ಅನುಕೂಲ ಆಗೂವಂಥ ಹೇಳಿಕಿ, ಕಾಗದ ಏನಿದ್ರೂ ಮುಚ್ಚಿಡಬ್ಯಾಡ್ರಿ, ಅವನ ವಕೀಲಗ ಕೊಡ್ರಿ ಅಂತ. ಇದ್ದದ್ದು ಕೊಡತೇವಿ. ಇಲ್ಲದ್ದು ಎಲ್ಲಿಂದ ತರೂಣು? ನಾ ಏನ ಅಂಗಡಿ ಇಟ್ಟೇನೇನು?"

"ಅಂಗಡಿನ ಇಟ್ಟೀರಿ. ಮಾಲು ಮಾತ್ರ ನಿಮಗ ಬೇಕಾದ್ದಷ್ಟ ಹೊರಗ ಇಡತೀರಿ."

"ಬೈರಿ. ನೀವು ದೊಡ್ಡವರು."

ಅದು ಎರಡು ಸಾವಿರದ ಮೂರನೆಯ ಇಸವಿ. ಸುತ್ತೋಲೆ ಬರುವ ಮೊದಲು ಕೇಸಿಗೆ ಬೇಡವಾದ ಹೇಳಿಕೆಗಳು ಠಾಣೆಯ ಕಪಾಟಿನಲ್ಲೇ ಉಳಿಯುತ್ತಿದ್ದವು. ಸರಕಾರಿ ವಕೀಲರು ಕೇಳುತ್ತಿರಲಿಲ್ಲ, ಪೊಲೀಸರು ಕೊಡುತ್ತಿರಲಿಲ್ಲ. ಹಿಂದಿನ ವರ್ಷದ ಉಗಾದಿ ಆದಮೇಲೆ ಮೇಲಿನಿಂದ ಅದು ಬಂತು. ವಕೀಲರು ಅದನ್ನು ಓದಿ ಅರ್ಥ ಮಾಡಿಕೊಳ್ಳುವುದರೊಳಗೆ ಪೊಲೀಸರು ಅದಕ್ಕೊಂದು ದಾರಿ ಹುಡುಕಿದ್ದರು. ಕೊಡಬೇಕಾಗುತ್ತದೆ ಅನ್ನುವುದಾದರೆ ಬರೆಯಲೇಬಾರದು. ಅಲ್ಲಿಂದ ಮುಂದೆ ಬಂದ ಕೇಸಿನ ಕಾಗದಗಳು ತೆಳ್ಳಗಾದವು. ಯಾವ ಸಾಕ್ಷಿಯೂ ತಡವರಿಸಲಿಲ್ಲ, ಯಾರಿಗೂ ಅನುಮಾನ ಬರಲಿಲ್ಲ, ಎಲ್ಲರ ಹೇಳಿಕೆಯೂ ನೂಲು ಹಿಡಿದಂತೆ ನೆಟ್ಟಗೆ.

ಈ ಕೇಸೂ ಹಾಗೇ. ಹಿಪ್ಪರಗಿ ಹತ್ತಿರದ ತೋಟದ ಮನೆಗೆ ಹೊತ್ತು ಮುಳುಗುವಾಗ ಇಬ್ಬರು ನುಗ್ಗಿದ್ದರು. ಮುದುಕ ಗುರಪ್ಪನ ತಲೆಗೆ ಕಬ್ಬಿಣದ ಹಾರಿ ಬೀಸಿ, ಸೊಸೆ ಸಾವಂತ್ರವ್ವನ ಕೊರಳಿನ ಬೋರಮಾಳ ಹರಿದುಕೊಂಡು ಓಡಿದ್ದರು. ಗುರಪ್ಪ ಉಳಿದ. ಆದರೆ ಮಾತು ಹೋಯಿತು, ಒಂದು ಕೈ ಹೋಯಿತು. ಮರುದಿನ ಪೊಲೀಸರು ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದ ಖಂಡೆಪ್ಪನನ್ನು ಎತ್ತಿಕೊಂಡು ಹೋದರು. ಅವನು ಇಂಡಿ ಕಡೆಯ ಹಮಾಲ. ಲಿಂಬೆಹಣ್ಣಿನ ಚೀಲ ಇಳಿಸಲು ಬಂದವನು, ವಾಪಸ್ ಗಾಡಿ ತಪ್ಪಿ ಅಲ್ಲೇ ಉಳಿದಿದ್ದ. ಅವನ ಹತ್ತಿರ ಬಂಗಾರ ಸಿಗಲಿಲ್ಲ. ಜೊತೆಗಾರ ಸಿಗಲಿಲ್ಲ. ಇದ್ದದ್ದು ಒಂದೇ: ತಹಶೀಲ್ದಾರರ ಮುಂದೆ ನಡೆದ ಗುರುತಿನ ಪರೇಡಿನಲ್ಲಿ, ಸಾಲಾಗಿ ನಿಂತವರ ನಡುವೆ, ಸಾವಂತ್ರವ್ವ ಅವನ ಗುರುತು ಹಿಡಿದಿದ್ದಳು. ಜಾಮೀನಿಗೆ ಸ್ವಂತ ಹೊಲ, ಅದರ ಉತಾರದ ಕಾಗದ ಇದ್ದವರು ಬೇಕು. ಹಮಾಲನಿಗೆ ಯಾರು ನಿಲ್ಲುತ್ತಾರೆ? ವರ್ಷದ ಮೇಲಾಯಿತು, ಬಿಜಾಪುರದ ಜೈಲಿನಲ್ಲಿ ಕೆಮ್ಮುತ್ತ ಕುಳಿತಿದ್ದ.

ಈ ದಿನ ಕೋರ್ಟಿನಲ್ಲಿ ಸಾವಂತ್ರವ್ವನ ಸಾಕ್ಷಿ. ಒಳಗೆ ಕರೆಯುವ ಮೊದಲು ಸಾಕ್ಷಿಯನ್ನು ಕೂಡಿಸಿಕೊಂಡು ಒಂದು ಸಲ ಹೇಳಿಸುವುದು ಬಸಂತರಾಯನ ರೂಢಿ. ಮುಂಜಾನೆ ಅವಳನ್ನೂ ಕೂಡಿಸಿಕೊಂಡಿದ್ದ.

"ಕಳ್ಳನ ಮಾರಿ ನೋಡಿದಿಯೇನ ತಂಗಿ?"

"ಎಲ್ಲಿಂದ ನೋಡ್ಲಿರಿ ಯಪ್ಪಾ? ಮಾರಿಗೆ ಟಾವೆಲ್ ಸುತ್ತಿದ್ರು. ನಾ ಮಾವನ ತಲಿ ಹಿಡ್ಕೊಂಡು ಕುಂತಿದ್ನಿ."

"ಮತ್ತ ಪರೇಡಿನಾಗ ಇವನ ಮ್ಯಾಲ ಹ್ಯಾಂಗ ಕೈ ಇಟ್ಟಿ?"

"ಮೊದಲ ನನಗ ಗೊತ್ತಾಗುದಿಲ್ರಿ ಅಂದೆ. ಸರಿಯಾಗಿ ನೋಡವಾ, ಇವರೊಳಗ ಅದಾನ ಅಂದ್ರು. ತಲಿ ಎತ್ತಿ ನೋಡಿದೆ. ಚಾದಂಗಡಿಯಾವ, ಹಜಾಮ, ಸಾಲಿ ಜವಾನ, ಗಿರಣಿಯಾವ... ಎಲ್ಲಾರೂ ಸಂತ್ಯಾಗ ನನ್ನ ಕಡೆ ಬೆಣ್ಣಿ ತಗೊಳ್ಳೂ ಮಂದಿ. ಅವರ್ಯಾಕ ಕಳ್ಳತನ ಮಾಡ್ಯಾರು? ಗೊತ್ತಿಲ್ಲದ ಮಾರಿ ಇವಂದೊಂದ ಇತ್ತು. ಪರ ಊರಾವ. ಇವನ ಇರಬೇಕಂತ ಭುಜ ಮುಟ್ಟಿದೆ."

ಲೆಕ್ಕ ಸರಿಯಾಗಿ ಬಿಡಿಸಿದ ಹುಡುಗಿಯಂತೆ ಅವಳು ಸ್ವಲ್ಪ ನಕ್ಕಿದ್ದಳು. ಬಸಂತರಾಯ ತಕ್ಷಣ ಅವಳನ್ನು ಪಡಸಾಲೆಗೆ ಕಳಿಸಿ ಫೌಜದಾರನನ್ನು ಕರೆಸಿದ್ದ.

"ಆ ಮಂದಿನ್ನ ಎಲ್ಲಿಂದ ತಂದಿದ್ರಿ?" ಈಗ ಮತ್ತೆ ಕೇಳಿದ.

"ಹಿಪ್ಪರಗಿಯಿಂದ. ಜೀಪಿನಾಗ ಬರೂಮುಂದ ಹಾಕ್ಕೊಂಡ ಬಂದೆ. ಆ ಬಿಸಲಾಗ ಇನ್ನೆಲ್ಲಿ ಅಡ್ಡಾಡ್ಲಿ?"

"ಆಕಿ ಊರ ಮಂದಿ ನಡುವ ಒಬ್ಬ ಪರ ಊರಾವನ್ನ ನಿಂದ್ರಿಸಿ ಗುರುತ ಹಿಡಿ ಅಂದ್ರಿ. ಆಕಿ ಮೊದಲ ಗೊತ್ತಿಲ್ಲ ಅಂದದ್ದು ಎಲ್ಲಿ ಐತಿ?"

"ತಹಶೀಲ್ದಾರರು ಬರಕೊಳ್ಳಲಿಲ್ಲ. ನಾನೂ ಬರೀರಿ ಅನ್ನಲಿಲ್ಲ."

"ಈಗ ನನ್ನ ಕಿವಿಗೆ ಬಿದ್ದೈತಿ. ಏನ ಮಾಡ್ಲಿ?"

"ಸುತ್ತೋಲಿ ಕಾಗದಕ್ಕ ಐತ್ರಿ, ಕಿವಿಗಿಲ್ಲ." ಅರುಣಕುಮಾರ ಎದ್ದು ಟೊಪ್ಪಿಗೆ ಹಾಕಿಕೊಂಡ. "ಸಿಂದಗ್ಯಾಗ ಕೇಸ್ ಬಿದ್ದಮ್ಯಾಲ ನೀವು ಹ್ಯಾಂಗ ವರ್ಗಾ ಆಗಿ ಇಲ್ಲಿಗೆ ಬಂದ್ರಿ ಅಂಬೂದು ಎಲ್ಲಾರಿಗೂ ಗೊತ್ತೈತಿ. ಇದೂ ಕೇಸ್ ಬಿದ್ದರ, ಹಮಾಲನ ಕಡೆ ರೊಕ್ಕ ತಿಂದ ಬಿಟ್ಟ ಅಂತಾರ ಮಂದಿ."

"ಹಮಾಲನ ಕಡೆ ಏನೈತೋ ತಿನ್ನಾಕ! ನಡೀ ಹೊರಗ!"

ಫೌಜದಾರ ಹೊರಗೆ ಹೋದ ಬಾಗಿಲಿನಿಂದಲೇ ಸಾವಂತ್ರವ್ವನ ಗಂಡ ಸಿದ್ದಲಿಂಗ ಒಳಗೆ ಬಂದ. ಕಿಟಕಿ ತೆರೆದೇ ಇತ್ತು. ಪಡಸಾಲೆಯಲ್ಲಿ ನಿಂತವನಿಗೆ ಎಲ್ಲ ಕೇಳಿಸಿತ್ತು.

"ಸಾಹೇಬ್ರ, ನಮ್ಮಪ್ಪ ಪಂಚಾಯ್ತಿ ಹೇಳೂ ಮನಷ್ಯಾ. ಈಗ ಜೊಲ್ಲು ಸುರಿಸಿಕೊಂಡು ಕುಂಡ್ರತಾನ. ನನ್ನ ಹೇಣ್ತಿ ತುತ್ತು ಮಾಡಿ ಬಾಯಾಗ ಇಟ್ಟರ ಉಣತಾನ. ಇವನಲ್ಲ ಅಂದ್ರ ಮತ್ತ್ಯಾರು? ತೋರಸ್ರಿ ನನಗ."

"ಗೊತ್ತಿಲ್ಲಪ್ಪಾ."

"ಗೊತ್ತಿಲ್ಲಂದ್ರ ಇವನ ಇರ್ಲಿ."

ಬಸಂತರಾಯನ ಸಿಟ್ಟು ನಿಂತ ಜಾಗದಲ್ಲೇ ಇಳಿಯಿತು. ಸಿದ್ದಲಿಂಗ ಹೊರಗೆ ಹೋಗಿ ಹೆಂಡತಿಯ ಮುಂದೆ ನಿಂತ. ದನಿ ಎತ್ತರಿಸಲಿಲ್ಲ.

"ಕಲಿಸಿದ್ದಷ್ಟ ಹೇಳಿ ಗಾಡಿ ಹತ್ತು. ಬ್ಯಾರೆ ಏನರೆ ಬಾಯಿಂದ ಬಂದ್ರ ಗಾಡಿ ಮ್ಯಾಲ ನಿನಗ ಜಾಗ ಇಲ್ಲ."

ಕೋರ್ಟಿನ ಅಂಗಳದ ಬೇವಿನ ಗಿಡದ ಕೆಳಗೆ ಖಂಡೆಪ್ಪ ಕುಕ್ಕರುಗಾಲಲ್ಲಿ ಕುಳಿತಿದ್ದ. ಕೈಗೆ ಬೇಡಿ, ಬೇಡಿಯ ಸರಪಳಿ ಪೇದೆಯ ಕೈಯಲ್ಲಿ. ಅವನ ಹೆಂಡತಿ ಲಕ್ಕವ್ವ ಚರಿಗೆಯಿಂದ ನೀರು ಹಾಕುತ್ತಿದ್ದಳು. ಕುಡಿಯುವುದು ಸ್ವಲ್ಪ, ಕೆಮ್ಮಿನಲ್ಲಿ ಹೊರಗೆ ಬರುವುದು ಹೆಚ್ಚು. ಬಸಂತರಾಯ ಅದನ್ನು ನೋಡುತ್ತ ನಿಂತ. ಸುಮ್ಮನಿದ್ದರೆ ಯಾರೂ ಏನೂ ಕೇಳುವವರಿಲ್ಲ. ಹಾಳೆಯಲ್ಲಿ ಏನೂ ಇಲ್ಲ. ಆದರೆ ಸಾವಂತ್ರವ್ವನ ಆ ಸಣ್ಣ ನಗು ಕಣ್ಣಿಂದ ಹೋಗಲೊಲ್ಲದು.

ಆರೋಪಿಗೆ ಸರಕಾರವೇ ಕೊಟ್ಟ ವಕೀಲ ಶಮಶುದ್ದೀನ ಪಡಸಾಲೆಯ ತುದಿಯಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಬಸಂತರಾಯ ಅವನನ್ನು ಕಂಬದ ಮರೆಗೆ ಕರೆದ. ಮುಂಜಾನೆ ಸಾವಂತ್ರವ್ವ ಹೇಳಿದ್ದೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ.

ಶಮಶುದ್ದೀನ ಗುಂಡಿ ಹಾಕುವುದನ್ನೇ ಮರೆತ. "ನಿಮ್ಮ ಸಾಕ್ಷಿ, ನೀವ ಹೇಳಾಕತ್ತೀರಿ? ಚೇಷ್ಟಿ ಮಾಡಾಕತ್ತಿಲ್ಲಲ್ಲರಿ?"

"ನನ್ನ ಮಾರಿ ಚೇಷ್ಟಿ ಮಾಡೂ ಹಂಗ ಕಾಣತೈತೇನು? ಕೇಳು ಹೋಗು. ನನ್ನ ಹೊಣಿ ಮುಗೀತು."

ಹಾಗೆಂದು ಬಸಂತರಾಯ ನಿಜವಾಗಿಯೂ ಹಗುರಾದ. ನಾಲ್ಕು ಹೆಜ್ಜೆ ಆಚೆ, ಬೆಂಚಿನ ಮೇಲೆ ಸೆರಗು ಬಿಗಿ ಹಿಡಿದು ಕುಳಿತ ಸಾವಂತ್ರವ್ವನ ನೆನಪೂ ಅವನಿಗೆ ಆಗಲಿಲ್ಲ.

ಒಳಗೆ ಬಸಂತರಾಯ ಕೇಳಬೇಕಾದದ್ದನ್ನು ಕೇಳಿದ. ಸಾವಂತ್ರವ್ವ ಕಟಕಟೆಯಲ್ಲಿ ನಿಂತು, ನೆಲ ನೋಡುತ್ತ, "ಇವನರಿ" ಅಂದಳು. ಬಾಗಿಲಲ್ಲಿ ನಿಂತ ಸಿದ್ದಲಿಂಗನ ಹೆಗಲು ಸಡಿಲಾಯಿತು. ಆಮೇಲೆ ಶಮಶುದ್ದೀನ ಎದ್ದ. ಪರೇಡಿನಲ್ಲಿ ಬೇರೆ ಯಾರ್‍ಯಾರು ನಿಂತಿದ್ದರು ಅಂತ ಕೇಳಿದ. ಅವಳು ಹೇಳಿದಳು. ಅವರೆಲ್ಲ ನಿನಗೆ ಗೊತ್ತಿದ್ದವರೇ? ಹೌದ್ರಿ. ಸಂತೆಯಲ್ಲಿ ನಿನ್ನ ಬೆಣ್ಣೆ ಕೊಳ್ಳುವವರೇ? ಅವಳು ತಟ್ಟನೆ ತಲೆ ಎತ್ತಿದಳು.

"ಗೊತ್ತಿಲ್ಲದ ಮುಖ ಇವಂದೊಂದ ಇತ್ತು, ಅದಕ್ಕ ಭುಜ ಮುಟ್ಟಿದಿ. ಹೌದೋ ಅಲ್ಲೋ?"

ಅವಳು ಶಮಶುದ್ದೀನನನ್ನು ನೋಡಲಿಲ್ಲ. ಬಸಂತರಾಯನ ಕಡೆಗೆ ತಿರುಗಿದಳು.

"ಯಪ್ಪಾ, ನಾ ನಿಮಗೊಬ್ಬರಿಗೆ ಹೇಳಿದ್ದು ಇವರಿಗೆ ಹ್ಯಾಂಗ ಗೊತ್ತಾತು?"

ಬಸಂತರಾಯ ಮುಂದಿದ್ದ ಕಾಗದದಲ್ಲಿ ಏನೋ ಹುಡುಕುವವನಂತೆ ತಲೆ ಬಗ್ಗಿಸಿದ. ನ್ಯಾಯಾಧೀಶರು, "ಕೇಳಿದ್ದಕ್ಕೆ ಉತ್ತರ ಹೇಳಮ್ಮಾ" ಅಂದರು.

ಅವಳು ಬಾಗಿಲ ಕಡೆ ನೋಡಿದಳು. ಗಂಡ ಅಲ್ಲೇ ಇದ್ದ. ಆರೋಪಿಯ ಕಡೆ ನೋಡಿದಳು. ಅವನು ಬಾಯಿಗೆ ಅಂಗಿ ತೋಳು ಒತ್ತಿ ಕೆಮ್ಮು ತಡೆಯುತ್ತಿದ್ದ.

"ಹೌದ್ರಿ," ಅಂದಳು. "ಅವತ್ತ ನಾ ಯಾರ ಮಾರೀನೂ ನೋಡಿಲ್ಲ. ಇವನ್ನ ಪರೇಡಿನಾಗ ಮೊದಲ ನೋಡಿದ್ದು."

ಅದಷ್ಟೇ ಸಾಕಿತ್ತು. ಮುಂದಿನ ತಾರೀಖಿಗೆ ಖಂಡೆಪ್ಪ ಬಿಡುಗಡೆ ಆಗುತ್ತಾನೆ ಅನ್ನುವುದು ಅಲ್ಲಿದ್ದ ಕರಿಕೋಟಿನವರಿಗೆಲ್ಲ ಗೊತ್ತಾಯಿತು. ಖಂಡೆಪ್ಪನಿಗೆ ಮಾತ್ರ ಗೊತ್ತಾಗಲಿಲ್ಲ. ಪೇದೆ ಸರಪಳಿ ಎಳೆದಾಗ ಎದ್ದ.

ಸಾವಂತ್ರವ್ವ ಸಹಿ ಮಾಡಿ ಪಡಸಾಲೆಗೆ ಬಂದಳು. ಲಕ್ಕವ್ವ ಓಡಿಬಂದು ಅವಳ ಕಾಲಿಗೆ ಬಿದ್ದಳು. "ಮುಟ್ಟಬ್ಯಾಡವಾ" ಅಂದು ಅವಳು ಕಾಲು ಹಿಂದೆ ತೆಗೆದುಕೊಂಡಳು. ಸಿದ್ದಲಿಂಗ ಗೇಟಿನಲ್ಲಿ ತನ್ನ ಮೋಟರ್‌ಸೈಕಲ್ ಗಾಡಿಗೆ ಒರಗಿ ನಿಂತಿದ್ದ. ಜಾಗ ಇಲ್ಲ ಅಂದವನು ಈಗ ಹಿಂದಿನ ಸೀಟು ಕೈಯಿಂದ ಒರೆಸಿದ.

"ಹತ್ತು. ಮನಿಗೆ ನಡಿ. ಅಲ್ಲಿ ಮಾತಾಡೂಣು."

ಆ ಮಾತುಕತೆ ಎಂಥದ್ದು ಅನ್ನುವುದು ಅವಳಿಗೆ ಗೊತ್ತಿತ್ತು. ಬಾಗಿಲಿಗೆ ಬಂದ ಬಸಂತರಾಯನಿಗೂ ಅವಳ ಮುಖ ನೋಡಿ ಆಗ ಗೊತ್ತಾಯಿತು.

"ತಂಗೀ, ನಿಲ್ಲವಾ! ನಾ ಅವನ ಜೋಡಿ ಮಾತಾಡ್ತೇನಿ."

"ಬ್ಯಾಡ್ರಿ," ಅಂದಳು ತಿರುಗದೆ. "ನೀವು ಮಾತಾಡಿದ್ದು ಸಾಕ್ರಿ."

ಗಾಡಿಯ ಪಕ್ಕದಿಂದಲೇ ಹಾದು ರಸ್ತೆಗೆ ಇಳಿದಳು. ತವರು ಮುದ್ದೇಬಿಹಾಳದ ಕಡೆ, ಅಲ್ಲಿಗೆ ಹೋಗಬೇಕೆಂದರೆ ನಿಡಗುಂದಿ ಬಸ್ಸು. ಬಸ್ಸು ಬಂದು ಹೋದಮೇಲೆ ಸ್ಟ್ಯಾಂಡಿನಲ್ಲಿ ಅವಳಿರಲಿಲ್ಲ. ಗಂಡನ ಮನೆಗೆ ಮರಳದ ಅವಳು ತವರಿಗೂ ಮುಟ್ಟಲಿಲ್ಲ ಅನ್ನುವುದು ವಾರ ಕಳೆದಮೇಲೆ, ಅಣ್ಣಂದಿರು ಹುಡುಕಿಕೊಂಡು ಬಂದಾಗ, ಊರಿಗೆ ತಿಳಿಯಿತು.